ಮೆಹರೋಲಿಯ ಯೋಗಮಾಯೆ

ಊರಿನಿಂದ ಬಂದ ನೆಂಟರಿಷ್ಟರಿಗೆ ಕುತುಬ್ ಮಿನಾರನ್ನು ತೋರಿಸಿ ಬರುವುದು ದೆಹಲಿ ಕನ್ನಡಿಗರ ವಾಡಿಕೆ. ಆದರೆ ಅದರ ಸಮೀಪದಲ್ಲೇ ಇರುವ ಯೋಗಮಾಯಾದೇವಿಯ ಗುಡಿಗೆ ಹೋಗಿಬಂದವರು ನಮ್ಮಲ್ಲಿ ವಿರಳ.

ಯೋಗಮಾಯೆಯ ಕಥೆ ಭಾಗವತದ ದಶಮಸ್ಕಂಧದಲ್ಲಿದೆ. ವಸುದೇವನು ಸೆರೆಮನೆಯಲ್ಲಿ ಹುಟ್ಟಿದ ಕೃಷ್ಣನನ್ನು ಗೋಕುಲದಲ್ಲಿ ಬಿಟ್ಟು, ಯಶೋದೆಯ ಹೆಣ್ಣು ಶಿಶುವನ್ನು ಮಥುರೆಗೆ ತಂದನು. ಕಂಸನು ಅದನ್ನು ಕಲ್ಲಿಗೆ ಅಪ್ಪಳಿಸಹೋದಾಗ ಶಿಶುವು ಅವನ ಕೈಜಾರಿ ಆಕಾಶಕ್ಕೇರಿ, ಅವನ ಹಂತಕನು ಬೇರೆಡೆ ಹುಟ್ಟಿರುವನೆಂದು ಸಾರಿತು. ಆ ದೇವಿಯೇ ಇಲ್ಲಿ ನೆಲೆಸಿದ್ದಾಳೆಂಬುದು ಸ್ಥಳೀಯರ ನಂಬಿಕೆ. ಗರ್ಭಗುಡಿಯಲ್ಲಿ ಆಕೆ ಶಿಲೆಯ ಪಿಂಡರೂಪದಲ್ಲಿ ಪೂಜೆಗೊಳ್ಳುತ್ತಾಳೆ. ನವರಾತ್ರಿಯಲ್ಲಿ ಭಕ್ತರ ಸಂದಣಿ ವಿಶೇಷ.

ಈ ಗುಡಿಯ ಇನ್ನೊಂದು ಉತ್ಸವ ‘ಫೂಲ್‌ವಾಲೋಂ ಕೀ ಸೈರ್’, ಅಂದರೆ ಹೂವಾಡಿಗರ ವಿಹಾರ. ಎರಡನೆಯ ಅಕ್ಬರ್ ಷಾನ ಮಗ ಮಿರ್ಜಾ ಜಹಾಂಗೀರನು ಬ್ರಿಟಿಷ್ ರೆಸಿಡೆಂಟನ ಮೇಲೆ ಗುಂಡು ಹಾರಿಸಿದ್ದಕ್ಕಾಗಿ ಅಲಹಾಬಾದಿಗೆ ಗಡೀಪಾರಾದನು. ಮಗನು ಮರಳಿದರೆ ಮೆಹರೋಲಿಯ ಖ್ವಾಜಾ ಬಖ್ತಿಯಾರ್ ಕಾಕಿಯವರ ದರ್ಗಾಕ್ಕೆ ಹೂವಿನ ಚಾದರ ಅರ್ಪಿಸುವುದಾಗಿ ತಾಯಿ ಮುಮ್ತಾಜ್ ಮಹಲ್ ಬೇಗಂ ಹರಕೆ ಹೊತ್ತಳು. 1812ರ ಸುಮಾರಿಗೆ ಆ ಹರಕೆ ಸಂದಿತು. ದರ್ಗಾಕ್ಕೆ ಚಾದರದ ಜೊತೆಗೆ ಯೋಗಮಾಯೆಗೆ ಹೂವಿನ ಬೀಸಣಿಗೆಯೂ ಸಂದಿತು. ಸೆರೆಮನೆಯಿಂದ ಮಗುವೊಂದನ್ನು ಪಾರುಮಾಡಿದ ದೇವಿಗೆ, ಮಗನನ್ನು ಮರಳಿ ಪಡೆದ ತಾಯಿಯ ಹರಕೆಯ ಹೂವು ಸಂದದ್ದು ಎಷ್ಟು ಉಚಿತ!

ಮುಂದೆ ಬಹದ್ದೂರ್ ಷಾ ಜಫರನು, ಒಮ್ಮೆ ಗುಡಿಗೆ ಹೋಗಲಾಗದಿದ್ದಾಗ, ದರ್ಗಾಕ್ಕೂ ಹೋಗಲೊಲ್ಲೆನೆಂದನೆಂಬ ಪ್ರತೀತಿಯುಂಟು. ಭೇದವೆಣಿಸಬಾರದೆಂಬುದೇ ಈ ಉತ್ಸವದ ಕಟ್ಟಳೆ. 1942ರಲ್ಲಿ ಬ್ರಿಟಿಷ್ ಸರ್ಕಾರವು ಇದನ್ನು ನಿಲ್ಲಿಸಿತು. ದೇಶವಿಭಜನೆಯ ಕಾಲದಲ್ಲಿ ದೆಹಲಿ ಕಂಡ ರಕ್ತಪಾತದ ನಂತರ ಇಂತಹ ಉತ್ಸವ ಮತ್ತೆ ನಡೆದೀತೆಂದು ಯಾರು ತಾನೇ ನಂಬಿಯಾರು? ಆದರೂ 1960ರ ದಶಕದ ಆರಂಭದಲ್ಲಿ, ಪ್ರಧಾನಿ ನೆಹರೂ ಅವರ ಪ್ರೋತ್ಸಾಹದಿಂದ ಅದು ಪುನರಾರಂಭವಾಯಿತು. ಇಂದು ಸಾಮಾನ್ಯವಾಗಿ ಮಳೆಗಾಲ ಕಳೆದ ಮೇಲೆ ಜರುಗುವ ಈ ಉತ್ಸವದಲ್ಲಿ ಹಿಂದೂ ಮುಸ್ಲಿಮರಿಬ್ಬರೂ ಸೇರಿ ಬೀಸಣಿಗೆಯನ್ನೂ ಚಾದರವನ್ನೂ ಒಯ್ಯುತ್ತಾರೆ.

ಕನ್ನಡಿಗರಿಗೆ ಇದು ಅಪರಿಚಿತವಾದ ಸಂಪ್ರದಾಯವಲ್ಲ. ಚೈತ್ರ ಹುಣ್ಣಿಮೆಯಂದು ಬೆಂಗಳೂರಿನ ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುವ ಕರಗವು ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಭೇಟಿ ಕೊಡುತ್ತದೆ. ಹುಟ್ಟೂರನ್ನು ಬಿಟ್ಟು ಬಂದ ನಾವು, ದೇವರನ್ನು ಅಲ್ಲಿಯೇ ಬಿಟ್ಟುಬಂದೆವೆಂದು ಕೊರಗುವುದುಂಟು. ಮುಂದಿನ ಬಾರಿ ಕುತುಬಿಗೆ ಹೋದಾಗ ಮಕ್ಕಳೊಡನೆ ಆ ಗುಡಿಗೂ ದರ್ಗಾಕ್ಕೂ ಹೋಗಿಬರೋಣ. ಈ ಊರಿನ ಕಥೆಗಳನ್ನು ಅರಿತಷ್ಟೂ ಈ ಊರು ನಮ್ಮದಾಗುತ್ತದೆ.