ದುರ್ಗವೂ ಕೋಶವೂ

ರಾಜ್ಯಕ್ಕೆ ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬ ಏಳು ಅಂಗಗಳನ್ನು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಹೇಳಿರುವನು. ಈ ಕ್ರಮದಲ್ಲಿ ದುರ್ಗಕ್ಕೆ ಮೊದಲು ಜನಪದವೂ ಅನಂತರ ಕೋಶವೂ ನಿಂತಿರುವುದು ಗಮನಾರ್ಹವಾಗಿದೆ. ದುರ್ಗವನ್ನು ಕಟ್ಟುವುದು ಜನಪದದ ರಕ್ಷಣೆಗಾಗಿ. ಅದು ಉಳಿಯುವುದು ಕೋಶದ ಬಲದಿಂದ.

ಗುಡೇಮಾರನಹಳ್ಳಿಯನ್ನು ಒಳಗೊಂಡ ಮಾಗಡಿ ಸೀಮೆಯವರಿಗೆ ದುರ್ಗವೆಂಬುದು ಕೇವಲ ಪುಸ್ತಕದ ಮಾತಲ್ಲ. ಕೆಂಪೇಗೌಡರ ವಂಶದವರ ಆಶ್ರಯವಾಗಿದ್ದ ಸಾವನದುರ್ಗವು 1728ರಲ್ಲಿ ಮೈಸೂರಿನ ವಶವಾಯಿತು. ಅಭೇದ್ಯವೆಂದು ಹೆಸರಾಗಿದ್ದ ಅದೇ ದುರ್ಗವನ್ನು 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೇನೆಯು ಟಿಪ್ಪುವಿನ ಕಾವಲು ಪಡೆಯಿಂದ ಕಿತ್ತುಕೊಂಡಿತು. ಅದಾದ ಕೆಲವೇ ದಿನಗಳಲ್ಲಿ ಹುತ್ರಿದುರ್ಗವೂ ಬಿದ್ದಿತು. ಬೆಟ್ಟವೇನೂ ಕರಗಿರಲಿಲ್ಲ, ಎದುರಾಳಿಯ ಫಿರಂಗಿ ಬಲಿತಿತ್ತು. ನಿಸರ್ಗದತ್ತವಾದ ಶಿಲೆಯೊಂದೇ ರಕ್ಷಣೆಯಾಗಲಾರದೆಂಬುದಕ್ಕೆ ಈ ಎರಡು ಬೆಟ್ಟಗಳು ಇಂದಿಗೂ ಸಾಕ್ಷಿಯಾಗಿವೆ.

ಇಂದು ಶತ್ರುವು ಕೋಟೆಯ ಬಾಗಿಲಿಗೆ ಬರುವುದಿಲ್ಲ, ಆಕಾಶಮಾರ್ಗದಿಂದ ಬರುತ್ತಾನೆ. ಆದುದರಿಂದ ದುರ್ಗದ ಸ್ವರೂಪವೂ ಬದಲಾಗಿದೆ. ನೆಲದಿಂದ ಹಾರಿ ವಿಮಾನವನ್ನೋ ಕ್ಷಿಪಣಿಯನ್ನೋ ಬಾನಿನಲ್ಲೇ ಹೊಡೆದುರುಳಿಸುವ ಕ್ಷಿಪಣಿವ್ಯೂಹವೇ ಇಂದಿನ ಕೋಟೆ. ರಾಡಾರ್ ಅದರ ಕಣ್ಣು, ನಿಯಂತ್ರಣ ಕೇಂದ್ರ ಅದರ ಬುದ್ಧಿ, ಉಡಾವಣಾ ವಾಹನ ಅದರ ತೋಳು. ಇವುಗಳಲ್ಲಿ ಒಂದು ಕೆಟ್ಟರೂ ಉಳಿದವು ನಿಷ್ಫಲವಾಗುವುವು.

ನಮ್ಮ ನಾಡಿನ ನಂಟುಳ್ಳ ‘ಆಕಾಶ’ ವ್ಯೂಹವು ಇದಕ್ಕೆ ಉತ್ತಮ ನಿದರ್ಶನ. 1983ರಲ್ಲಿ ಡಾ. ಎ. ಪಿ. ಜೆ. ಅಬ್ದುಲ್ ಕಲಾಂ ಅವರ ನಾಯಕತ್ವದಲ್ಲಿ ಆರಂಭವಾದ ಸಮಗ್ರ ನಿರ್ದೇಶಿತ ಕ್ಷಿಪಣಿ ಅಭಿವೃದ್ಧಿ ಕಾರ್ಯಕ್ರಮದ ಐದು ಕ್ಷಿಪಣಿಗಳಲ್ಲಿ ಇದೂ ಒಂದು. ಇಡೀ ಕಾರ್ಯಕ್ರಮಕ್ಕೆ ಮೊದಲು ಮಂಜೂರಾದ ಮೊತ್ತ 388 ಕೋಟಿ ರೂಪಾಯಿ. ಸುಮಾರು 25 ಕಿಲೋಮೀಟರ್ ದೂರ ಮುಟ್ಟುವ ಈ ಕ್ಷಿಪಣಿಗೆ ದಾರಿ ತೋರುವ ‘ರಾಜೇಂದ್ರ’ ರಾಡಾರನ್ನು ರೂಪಿಸಿದುದು ಬೆಂಗಳೂರಿನ ರಕ್ಷಣಾ ಪ್ರಯೋಗಾಲಯ. ವಾಯುಪಡೆಗೆ ವ್ಯೂಹವನ್ನು ಒದಗಿಸಿದುದು 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ. 2015ರಲ್ಲಿ ಭೂಸೇನೆಯೂ ವಾಯುಪಡೆಯೂ ಇದನ್ನು ವಿಧಿವತ್ತಾಗಿ ಸೇರಿಸಿಕೊಂಡವು. ಆರಂಭದಿಂದ ಅಲ್ಲಿಗೆ ಮೂರು ದಶಕಗಳು ಸಂದಿದ್ದವು. ಅಷ್ಟು ಕಾಲವೂ ಫಲವನ್ನು ಕಾಣದೆಯೇ ಬೊಕ್ಕಸವು ವರ್ಷವರ್ಷವೂ ಹಣವನ್ನು ನೀಡಬೇಕಾಯಿತು.

ವೆಚ್ಚವು ಅಲ್ಲಿಗೆ ಮುಗಿಯಲಿಲ್ಲ. 2023ರ ಮಾರ್ಚ್‌ನಲ್ಲಿ ಭೂಸೇನೆಯ ಎರಡು ಆಕಾಶ ರೆಜಿಮೆಂಟುಗಳಿಗಾಗಿ ರಕ್ಷಣಾ ಸಚಿವಾಲಯವು ಭಾರತ್ ಡೈನಮಿಕ್ಸ್ ಸಂಸ್ಥೆಯೊಡನೆ 8,160 ಕೋಟಿ ರೂಪಾಯಿಗೂ ಮೀರಿದ ಒಪ್ಪಂದವನ್ನು ಮಾಡಿಕೊಂಡಿತು. ಅದರಲ್ಲಿ ಕ್ಷಿಪಣಿ ಮತ್ತು ಉಡಾವಣಾ ಯಂತ್ರಗಳಲ್ಲದೆ ನೆಲದ ಉಪಕರಣಗಳು, ವಾಹನಗಳು, ಕಟ್ಟಡಾದಿ ಸೌಕರ್ಯಗಳೂ ಸೇರಿದ್ದವು. ಕೊಂಡ ಮೇಲೂ ಖರ್ಚು ತಪ್ಪದು. ಕ್ಷಿಪಣಿಯೊಳಗಿನ ಇಂಧನಕ್ಕೂ ವಿದ್ಯುತ್ಕೋಶಕ್ಕೂ ಆಯುಸ್ಸಿನ ಮಿತಿಯುಂಟು. ರಾಡಾರಿನ ಬಿಡಿಭಾಗಗಳು ಹಳತಾಗಿ, ಮಾರುಕಟ್ಟೆಯಿಂದಲೇ ಮರೆಯಾಗುವುವು. ಯೋಧರಿಗೆ ಅಭ್ಯಾಸ ತಪ್ಪಕೂಡದು. ಅಭ್ಯಾಸಕ್ಕೆ ಹಾರಿಸಿದ ಕ್ಷಿಪಣಿ ಮರಳಿ ಬರದು.

2025–26ರ ಆಯವ್ಯಯದಲ್ಲಿ ರಕ್ಷಣೆಗೆ ಮೀಸಲಿಟ್ಟ ಮೊತ್ತ ಸುಮಾರು 6.81 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಹೊಸ ಆಯುಧಾದಿ ಬಂಡವಾಳ ವೆಚ್ಚಕ್ಕೆ 1.80 ಲಕ್ಷ ಕೋಟಿ. ಸೇನೆಗಳ ಸಂಬಳ, ಪೋಷಣೆ, ದುರಸ್ತಿ ಮೊದಲಾದ ರಾಜಸ್ವ ವೆಚ್ಚಕ್ಕೆ 3.11 ಲಕ್ಷ ಕೋಟಿ. ಗಳಿಸುವುದಕ್ಕಿಂತ ಗಳಿಸಿದುದನ್ನು ಕಾಯುವುದೇ ಭಾರವೆಂಬ ಲೋಕೋಕ್ತಿಯಂಥ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಲೆಕ್ಕ ಬೇಕಿಲ್ಲ.

ಪೋಷಣೆಯ ಫಲವೂ ಕಣ್ಣೆದುರಿಗಿದೆ. ಅರ್ಧ ಶತಮಾನದಷ್ಟು ಹಳೆಯದಾದ ಎಲ್-70 ವಿಮಾನನಾಶಕ ತೋಪುಗಳನ್ನು ಎಸೆಯದೆ, ಹೊಸ ಕಣ್ಣುಗಳನ್ನು ಜೋಡಿಸಿ ನವೀಕರಿಸಲಾಯಿತು. 2025ರ ಮೇ ತಿಂಗಳ ಕದನದಲ್ಲಿ ಆಕಾಶ ವ್ಯೂಹದ ಜೊತೆಗೆ ಈ ತೋಪುಗಳೂ ಡ್ರೋನುಗಳನ್ನು ತಡೆದವು. ಅಗ್ಗದ ಡ್ರೋನೊಂದಕ್ಕೆ ಕೋಟಿಗಟ್ಟಲೆ ಬೆಲೆಯ ಕ್ಷಿಪಣಿಯನ್ನು ವ್ಯಯಿಸಿದರೆ ಗೆದ್ದವನ ಕೋಶವೇ ಮೊದಲು ಬರಿದಾಗುವುದು. ಆದುದರಿಂದ ಎಲ್ಲಿ ತೋಪು, ಎಲ್ಲಿ ಕ್ಷಿಪಣಿ ಎಂಬ ವಿವೇಕವೂ ರಕ್ಷಣೆಯ ಒಂದು ಅಂಗವಾಗಿದೆ.

ಈ ವಿವೇಕವು ಕನ್ನಡನಾಡಿಗೆ ಹೊಸದಲ್ಲ. ನಮ್ಮ ಪೂರ್ವಿಕರು ಕೆರೆ ಕಟ್ಟಿಸಿ ಸುಮ್ಮನಾಗಲಿಲ್ಲ. ಅದರ ಹೂಳೆತ್ತಲು, ಏರಿ ಬಲಪಡಿಸಲು ಭೂಮಿಯನ್ನು ಬಿಟ್ಟರು. ಶಾಸನಗಳಲ್ಲಿ ಕಾಣುವ ‘ಬಿತ್ತುವಟ್ಟ’, ‘ಕೆರೆಕೊಡಗೆ’ ಎಂಬ ಮಾತುಗಳ ಅರ್ಥವಿದು. ಕಟ್ಟುವವನ ಉತ್ಸಾಹ ಒಂದು ದಿನದ್ದು, ಕಾಯುವವನ ವ್ರತ ನಿತ್ಯದ್ದು ಎಂಬುದನ್ನು ಅವರು ಬಲ್ಲವರಾಗಿದ್ದರು.

ಮಾಗಡಿ ಸೀಮೆಯ ವೀರಾಪುರದಲ್ಲಿ ಜನಿಸಿದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವೂ ನಿತ್ಯವ್ರತವೇ ಆಗಿದ್ದಿತು. ದಾಸೋಹದ ಒಲೆ ಒಂದು ದಿನದ ದಾನದಿಂದ ಉರಿಯದು. ವಿದ್ಯಾಸಂಸ್ಥೆಯೂ ಕಟ್ಟಡದ ಶಂಕುಸ್ಥಾಪನೆಯೊಂದರಿಂದ ಬಾಳದು. ದೇಶದ ಕಾವಲಿನ ಮಾತೂ ಇಷ್ಟೇ. ಹೊಸ ಆಯುಧ ಬಂದಾಗ ಹರ್ಷಿಸುವ ಪ್ರಜೆಯು, ಹತ್ತು ವರ್ಷಗಳ ಮೇಲೆ ಅದು ಸುಸ್ಥಿತಿಯಲ್ಲಿದೆಯೇ ಎಂದೂ ಕೇಳಬೇಕು. ಅದರ ವೆಚ್ಚವು ಜನಪದದ ಅನ್ನ, ಅಕ್ಷರಗಳನ್ನು ಕಸಿಯದಂತೆಯೂ ನೋಡಬೇಕು. ಏಕೆಂದರೆ ಸಪ್ತಾಂಗಗಳ ಕ್ರಮದಲ್ಲಿ ಜನಪದವು ದುರ್ಗಕ್ಕಿಂತ ಮೊದಲು ಬರುವುದು.