ರಾತ್ರಿ ಎರಡಕ್ಕೆ ಏಳುವವರು ಯಾರು?

ದಾವಣಗೆರೆಯಲ್ಲಿ ಬಸ್ಸು ಹತ್ತಿ ಬೆಂಗಳೂರಿಗೆ ಹೊರಟವರು ದಾರಿಯಲ್ಲಿ ಎಷ್ಟು ಸಲ ಸರಿದು ಕೂರುತ್ತಾರೆ? ಲೆಕ್ಕ ಇಟ್ಟವರಿಲ್ಲ. ಕೂತ ಜಾಗ ಉರಿಯಿತು, ಕೊಂಚ ಸರಿದರು, ಅಷ್ಟೆ. ಲಕ್ವ ಹೊಡೆದು, ಇಲ್ಲವೆ ಸೊಂಟದ ಮೂಳೆ ಮುರಿದು ಮಲಗಿದವರಿಗೆ ಆ ಭಾಗ್ಯವೂ ಇಲ್ಲ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯದು. ಕೆಲವೇ ಗಂಟೆಗಳಲ್ಲಿ ಅಲ್ಲಿ ಮಾಂಸ ಸಾಯತೊಡಗುತ್ತದೆ. ಇದೇ ಹಾಸಿಗೆ ಹುಣ್ಣು, ಆಸ್ಪತ್ರೆಯವರ ಬಾಯಲ್ಲಿ ಬೆಡ್‌ಸೋರ್.

'ಕೆಂಪು ಕಲೆ ತಾನೆ, ಬಿಡಿ' ಎಂದು ಮನೆಯವರು ಪೌಡರ್ ಹಾಕಿ ಸುಮ್ಮನಾಗುವುದುಂಟು. ಬೆರಳಿಂದ ಒತ್ತಿದಾಗ ಆ ಕೆಂಪು ಬಿಳಿಚಿಕೊಳ್ಳದಿದ್ದರೆ ಹುಣ್ಣು ಶುರುವಾಯಿತೆಂದೇ ತಿಳಿಯಿರಿ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದು, ಕೈಯಿಟ್ಟು ನೋಡಬೇಕು. ಬಿಸಿ, ಗಟ್ಟಿ, ನೋವು ಇದ್ದರೆ ಎಚ್ಚರ! ಬೆನ್ನಿನ ಕೆಳಭಾಗ, ಸೊಂಟದ ಪಕ್ಕ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ ಇವನ್ನು ದಿನಕ್ಕೊಮ್ಮೆಯಾದರೂ ನೋಡಿ. ಕೆಂಪಾದ ಜಾಗ ತಿಕ್ಕಬೇಡಿ.

ಇದಕ್ಕೆ ದೊಡ್ಡ ಮದ್ದು ಮೆಡಿಕಲ್ ಶಾಪಿನಲ್ಲಿಲ್ಲ, ಮಗ್ಗುಲು ಹೊರಳಿಸುವುದರಲ್ಲಿದೆ. ಮಾಡಿ ತೋರಿಸಿದವರು ಡಾ. ಲುಡ್ವಿಗ್ ಗುಟ್‌ಮನ್. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರ ವಾರ್ಡು ಅವರ ಕೈಗೆ ಬಂತು. ಅಂಥವರು ಹುಣ್ಣಿನ ನಂಜಿನಿಂದಲೋ ಮೂತ್ರದ ಸೋಂಕಿನಿಂದಲೋ ಸಾಯುವುದು ಮಾಮೂಲಾಗಿದ್ದ ಕಾಲ. ಹಗಲಿರಲಿ ರಾತ್ರಿಯಿರಲಿ, ಎರಡು ಗಂಟೆಗೊಮ್ಮೆ ಹೊರಳಿಸಲೇಬೇಕೆಂದು ಡಾಕ್ಟರು ಹಟ ಹಿಡಿದರು. 1948ರಲ್ಲಿ ಅಂಥವರೇ ಅದೇ ಆಸ್ಪತ್ರೆಯ ಅಂಗಳದಲ್ಲಿ ಗಾಲಿಕುರ್ಚಿ ಮೇಲೆ ಕೂತು ಬಿಲ್ಲುಬಾಣದ ಪಂದ್ಯ ಆಡಿದರು!

ಮನೆಯಲ್ಲಿ ಕಷ್ಟವಾಗುವುದು ರಾತ್ರಿ ಪಾಳಿ. ಎಲ್ಲವನ್ನೂ ಸೊಸೆಯೊಬ್ಬಳ ತಲೆಗೆ ಕಟ್ಟಿ, ಹುಣ್ಣಾದ ಮೇಲೆ 'ಸರಿಯಾಗಿ ನೋಡಿಕೊಳ್ಳಲಿಲ್ಲ' ಅಂದರೆ ನ್ಯಾಯವೇ? ಅಂಗಡಿಯಲ್ಲಿ ಉದ್ರಿ ಬರೆಯುವ ಹಾಗೆ ಗೋಡೆಗೊಂದು ಹಾಳೆ ಅಂಟಿಸಿ: ಎಷ್ಟು ಗಂಟೆಗೆ, ಯಾವ ಮಗ್ಗುಲು, ಹೊರಳಿಸಿದ್ದು ಯಾರು. ಮಗನ ಹೆಸರೂ ಅದರಲ್ಲಿರಲಿ.

ಹೊರಳಿಸುವಾಗ ಎಳೆಯಬೇಡಿ, ಮೈಕೆಳಗೆ ಮಡಿಸಿದ ಬೆಡ್‌ಶೀಟ್ ಹಾಕಿ ಇಬ್ಬರು ಎತ್ತಿ ಸರಿಸಿ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ. ಒದ್ದೆ ಬಟ್ಟೆ ಕೂಡಲೇ ಬದಲಿಸಿ. ಡಾಕ್ಟರು ಬೇಡವೆನ್ನದಿದ್ದರೆ ಮೊಟ್ಟೆ, ಬೇಳೆ, ಹಾಲು ಚೆನ್ನಾಗಿ ಕೊಡಿ. ಗಾಳಿ ಹಾಸಿಗೆ ತಂದವರೂ ಹೊರಳಿಸುವುದನ್ನು ಬಿಡುವಂತಿಲ್ಲ.

ಚರ್ಮ ಒಡೆದಿದ್ದರೆ ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ಅರಿಶಿನ ಸುರಿಯಬೇಡಿ. ಸಲೈನ್‌ನಲ್ಲಿ ತೊಳೆದು, ಶುದ್ಧ ಬಟ್ಟೆ ಮುಚ್ಚಿ ಡಾಕ್ಟರಿಗೆ ತೋರಿಸಿ. ಕಪ್ಪಾದ ಮಾಂಸ, ಕೆಟ್ಟ ವಾಸನೆ, ಜ್ವರ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ನಂಜು ರಕ್ತಕ್ಕೆ ಏರಿದರೆ ಜೀವಕ್ಕೇ ಸಂಚಕಾರ.

ಹುಣ್ಣಾದರೆ ಡ್ರೆಸಿಂಗು ತಿಂಗಳುಗಟ್ಟಲೆ. ಹೊರಳಿಸಲು ಬೇಕಾದ್ದು ಐದೇ ನಿಮಿಷ. ಇವತ್ತೇ ಅಲಾರಂ ಇಡಿ, ಪಾಳಿ ಹಂಚಿಕೊಳ್ಳಿ.