ಗ್ಯಾಸು ತೀರಲ್ಲ, ಸೋರುತ್ತೆ

ಎಡಪ್ಪಾಡಿಯ ದೇವಾಂಗ ನೇಕಾರರ ಮನೆಯವನು ನಾನು. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು. ಮಗ್ಗ ಬಿಟ್ಟು ಕಾರಿನ ಎ.ಸಿ. ಕೆಲಸ ಹಿಡಿದೆ. ಸೇಲಂನಿಂದ ಹಳೆಯ ಸ್ಪೋರ್ಟ್ಸ್ ಕಾರು ತಂದವರೊಬ್ಬರು, ‘ಅಣ್ಣ, ಪ್ರತಿ ಬೇಸಿಗೆಗೂ ಗ್ಯಾಸು ತುಂಬಿಸ್ತೀನಿ, ತಣ್ಣಗೇ ಆಗಲ್ಲ’ ಅಂದರು.

ಗ್ಯಾಸು ಪೆಟ್ರೋಲಿನಂತೆ ಉರಿದು ತೀರುವುದಲ್ಲ. ಕಡಿಮೆಯಾದರೆ ಎಲ್ಲೋ ಸೋರಿದೆ. ಈ ಕಾರಿನಲ್ಲಿ ಎಂಜಿನ್, ಕಂಪ್ರೆಸರ್ ಸೀಟಿನ ಹಿಂದೆ, ಕಂಡೆನ್ಸರ್ ಮುಂದೆ. ನಡುವಿನ ಉದ್ದ ಪೈಪು ನೆಲಕ್ಕೆ ಹತ್ತಿರ. ನಮ್ಮ ರಸ್ತೆಯುಬ್ಬುಗಳು ಬಿಟ್ಟಾವೆಯೇ? ನೈಟ್ರೋಜನ್ ತುಂಬಿ ಸೋಪಿನ ನೊರೆ ಹಚ್ಚಿದೆ, ಜಾಯಿಂಟಿನಲ್ಲಿ ಗುಳ್ಳೆ ಎದ್ದಿತು. ಓ-ರಿಂಗ್ ಬದಲಿಸಿ, ವ್ಯಾಕ್ಯೂಮ್ ಎಳೆದು ಒಳಗಿನ ಗಾಳಿ, ತೇವ ತೆಗೆದು, ಬಾನೆಟ್ ಚೀಟಿಯಲ್ಲಿದ್ದಷ್ಟೇ ಆರ್-134ಎ ತೂಗಿ ತುಂಬಿದೆ. ಸೋರಿ ಗಾಳಿಗೆ ಸೇರಿದರೆ ಈ ಗ್ಯಾಸು, ತೂಕಕ್ಕೆ ತೂಕ ನೋಡಿದರೆ, ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಪಟ್ಟಿಗೂ ಹೆಚ್ಚು ಭೂಮಿಯನ್ನು ಬಿಸಿಮಾಡುತ್ತದೆ.

ಸೋರಿಕೆ ಹುಡುಕದೆ ಗ್ಯಾಸು ತುಂಬುವವರಿಗೆ ದುಡ್ಡು ಕೊಡಬೇಡಿ.